ಧಾರಾವಾಹಿಯಿಂದ ಸಿನಿಮಾಕ್ಕೆ, ಮತ್ತೆ ಧಾರಾವಾಹಿಗೆ

ನಿರ್ದೇಶನ ನನಗೆ ಬಂದಿದ್ದು ಕಂಟಿನ್ಯೂಟಿ, ಅಂದರೆ ಒಂದು ಶಾಟ್ ಇನ್ನೊಂದಕ್ಕೆ ಹೊಂದಲಿ ಅಂತ ಇಡುವ ಲೆಕ್ಕ, ಬರೆಯುತ್ತಾ ಬರೆಯುತ್ತಾ. ಕ್ಲಾಪ್ ಹೊಡೆಯುವ ಅಸಿಸ್ಟೆಂಟ್ ಆಗಿ ಸೇರಿದ್ದೆ, ಆಮೇಲೆ ಆ ಲೆಕ್ಕದ ಪುಸ್ತಕ ಕೈಗೆ ಬಂತು. ಯಾವ ಟೇಕ್ ಓಕೆ, ಯಾವ ಮಾತಿಗೆ ನಟಿ ಲೋಟ ಎತ್ತಿದರು, ಎಡಗೈಯೋ ಬಲಗೈಯೋ, ಎಲ್ಲ ಬರೆಯಬೇಕು. ಬೇಜಾರಿನ ಕೆಲಸವೇ. ಆದರೆ ಶೂಟಿಂಗ್ ನಡೆಯುವುದು ಲೊಕೇಶನ್ ನೋಡಿಕೊಂಡು, ಕಥೆಯ ಕ್ರಮದಲ್ಲಲ್ಲ. ಬೆಳಿಗ್ಗೆ ಗಂಡ ಹೆಂಡತಿ ಬೇರೆಯಾಗುತ್ತಾರೆ, ಮಧ್ಯಾಹ್ನ ಅವರ ಮೊದಲ ಭೇಟಿ. ಕಥೆ ಈಗ ಎಲ್ಲಿದೆ ಅಂತ ಸೆಟ್‌ನಲ್ಲಿ ಯಾರು ಕೇಳಿದರೂ ಹೇಳುವಷ್ಟಾದಾಗ ಅಸೋಸಿಯೇಟ್ ಡೈರೆಕ್ಟರ್ ಆದೆ.

ದಿನಾ ಪ್ರಸಾರವಾಗುವ ಧಾರಾವಾಹಿಯಲ್ಲಿ ಅರ್ಧ ಗಂಟೆಯಿಂದ ಜಾಹೀರಾತು ಕಳೆದರೆ ಸುಮಾರು 22 ನಿಮಿಷ ಉಳಿಯುತ್ತದೆ. ದಿನಕ್ಕೆ ಹತ್ತಿರ ಹತ್ತಿರ ಒಂದು ಎಪಿಸೋಡ್ ಮುಗಿಯಬೇಕು. ಟೈಮ್ ತಿನ್ನುವುದು ಲೈಟಿಂಗ್. ಅದಕ್ಕೆ ಕೋಣೆಯ ಒಂದು ಗೋಡೆಯ ಕಡೆ ಲೈಟ್ ಮಾಡಿಸಿದರೆ, ಆ ಕಡೆಗೆ ಬೇಕಾದ ಶಾಟ್‌ಗಳನ್ನೆಲ್ಲ, ಬೇರೆ ಸೀನ್‌ನವನ್ನೂ ಸೇರಿಸಿ, ತೆಗೆದುಬಿಡುತ್ತಿದ್ದೆ. ಆಮೇಲೆಯೇ ಕ್ಯಾಮೆರಾ ತಿರುಗಿಸುವುದು. ಹಿಂದಿನ ರಾತ್ರಿ ಸ್ಕ್ರಿಪ್ಟ್‌ನಲ್ಲಿ ಸೀನ್ ಎಲ್ಲಿ ತಿರುಗುತ್ತದೋ ಆ ಒಂದು ಮಾತಿಗೆ ಗೆರೆ ಎಳೆದಿರುತ್ತಿದ್ದೆ. ಕ್ಲೋಸಪ್ ಅದಕ್ಕೆ ಮಾತ್ರ. ಎಲ್ಲ ಮಾತಿಗೂ ಕ್ಲೋಸಪ್ ಕೊಟ್ಟರೆ ಯಾವುದಕ್ಕೂ ಬೆಲೆ ಇರಲ್ಲ.

ಊಟದ ಮೇಜಿನ ಸೀನ್‌ಗಳೇ ನಿಜವಾದ ಕಷ್ಟ. ಆರು ಜನ ಕೂತಿರುತ್ತಾರೆ. ಮಾತಾಡುವ ಜೋಡಿ ಬದಲಾದ ಹಾಗೆ ನೋಟದ ಗೆರೆಯೂ, ಅಂದರೆ ಆ ಇಬ್ಬರ ನಡುವೆ ನಾವು ಊಹಿಸಿಕೊಳ್ಳುವ ಗೆರೆಯೂ, ಬದಲಾಗುತ್ತದೆ. ಕ್ಯಾಮೆರಾ ಸುಮ್ನೆ ಗೆರೆ ದಾಟಿದರೆ ಯಾರು ಯಾರನ್ನು ನೋಡುತ್ತಿದ್ದಾರೆ ಅನ್ನುವುದೇ ಗೊತ್ತಾಗಲ್ಲ. ನಾನು ಒಬ್ಬರನ್ನು ಬಡಿಸಲು ಎಬ್ಬಿಸುತ್ತೇನೆ. ಅವರು ಮೇಜು ಸುತ್ತಿ ಬರುವಾಗ ಕ್ಯಾಮೆರಾ ಅವರ ಜೊತೆಗೇ ಆ ಕಡೆ ಹೋಗುತ್ತದೆ. ಧಾರಾವಾಹಿಗಳಲ್ಲಿ ಅಷ್ಟೊಂದು ಬಡಿಸುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಸಿನಿಮಾದಲ್ಲಿ ಟೈಮ್ ಜಾಸ್ತಿ. ಹಾಗಂತ ಎಲ್ಲ ಕೋನದಿಂದಲೂ ತೆಗೆದಿಟ್ಟುಕೊಳ್ಳೋಣ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಎಡಿಟ್ ಟೇಬಲ್‌ಗೆ ಎಲ್ಲ ಬಂದರೆ ಎಲ್ಲವನ್ನೂ ಬಳಸುವ ಆಸೆಯೂ ಬರುತ್ತದೆ. ದೂರದಿಂದ ಎಲ್ಲ ಕಾಣುವ ಒಂದು ವೈಡ್ ಶಾಟ್‌ನಲ್ಲೇ ಇಡೀ ಸೀನ್ ಮೂಡಿಬರುವುದಾದರೆ ಅಲ್ಲಿಗೇ ಬಿಡುತ್ತೇನೆ. ದೊಡ್ಡ ಪರದೆಯಲ್ಲಿ ಕಣ್ಣು ಮಿಟುಕಿಸಿದ್ದೂ ನಟನೆಯೇ. ಆದರೆ ಹಿರಿಯ ನಟರಿಗೆ ‘ಕಡಿಮೆ ಮಾಡಿ ಸರ್’ ಅಂದರೆ ಮುಖ ಮರಗಟ್ಟುತ್ತದೆ. ‘ಸರ್, ಕನ್ನಡಕ ಒರೆಸ್ತಾ ಆ ಮಾತು ಹೇಳ್ತೀರಾ?’ ಅಂತ ಕೇಳುತ್ತೇನೆ. ಕೈಗೆ ಕೆಲಸ ಸಿಕ್ಕರೆ ಮುಖ ತಾನಾಗಿ ಸುಮ್ಮನಾಗುತ್ತದೆ.

ಒಂದು ಸಿನಿಮಾ ಮುಗಿದು ಇನ್ನೊಂದು ಶುರುವಾಗುವವರೆಗೆ ಆದಾಯ ಇರಲ್ಲ. ಆಗ ಹೊಸ ಧಾರಾವಾಹಿಯ ಮೊದಲ ಕೆಲವು ಎಪಿಸೋಡ್ ಮಾಡಿಕೊಡುತ್ತೇನೆ. ಪಾತ್ರಗಳ ವರಸೆ, ಬಣ್ಣ, ಲೈಟಿಂಗ್ ಎಲ್ಲ ಗಟ್ಟಿಯಾಗುವುದು ಅಲ್ಲೇ. ಆಮೇಲೆ ಬರುವ ನಿರ್ದೇಶಕರು ಅದೇ ದಾರಿಯಲ್ಲಿ ಮುಂದುವರಿಸುತ್ತಾರೆ. ಇದನ್ನು ಕೆಳಗಿಳಿಯುವುದು ಅಂತ ಕೆಲವರು ಅಂದುಕೊಳ್ಳುತ್ತಾರೆ. ನನಗೆ ಮಾತ್ರ ಈ ಕೆಲಸ ತುಂಬ ಇಷ್ಟ.