ಜೋಳದ ರೊಟ್ಟಿ ಕಟ್ಟಿಕೊಂಡು ಪಿನ್ ಭಾಬಾ ದಾಟಿದ್ದು

ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯಲ್ಲಿ ಕಾಫ್ನು ಎಂಬ ಹಳ್ಳಿಯಿದೆ. ಅಲ್ಲಿಂದ ಭಾಬಾ ನದಿಯ ಗುಂಟ ಮೇಲೇರಿ, 4,900 ಮೀಟರ್ ಮೀರಿದ ಪಿನ್ ಭಾಬಾ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ) ದಾಟಿ ಆಚೆ ಇಳಿದರೆ ಸ್ಪಿತಿಯ ಪಿನ್ ಕಣಿವೆ, ಅದರ ತುದಿಯಲ್ಲಿ ಮೂದ್ ಎಂಬ ಊರು. ಎರಡರ ನಡುವೆ ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಬೇಸಿಗೆಗೆ ಬರುವ ಕುರಿಗಾಹಿಗಳನ್ನು ಬಿಟ್ಟರೆ ಜನವೂ ಇಲ್ಲ. ಊಟ, ನಿದ್ದೆ ಎಲ್ಲ ಡೇರೆಯಲ್ಲೇ. ನನ್ನ ತಮ್ಮ, ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿ ಮತ್ತು ನಾನು ಯಾದಗಿರಿಯಿಂದ ಹೋಗಿ ಈ ದಾರಿಯನ್ನು ನಡೆದು ಬಂದೆವು.

ಯಾದಗಿರಿ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಪಾಸ್ ಅದರ ಹನ್ನೆರಡು ಪಟ್ಟು ಮೇಲಿದೆ. ‘ಬಿಸಿಲುನಾಡಿನವರಿಗೆ ಹಿಮಾಲಯ ಯಾಕೆ’ ಎಂದು ಕೇಳಿದವರು ಬಹಳ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನವರ ಶ್ವಾಸಕೋಶಕ್ಕೂ ನಮ್ಮದಕ್ಕೂ ಅಲ್ಲಿ ವ್ಯತ್ಯಾಸವೇನಿಲ್ಲ. ತಯಾರಿ ಬೇಕು, ಸಮಯ ಬೇಕು, ಹೊಟ್ಟೆಗೆ ಒಗ್ಗುವ ಊಟ ಬೇಕು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಅದರ ಬಗ್ಗೆ ಹೆಚ್ಚು ಬರೆಯುತ್ತೇನೆ.

ತಯಾರಿಗೆ ಯಾದಗಿರಿಯ ಕೋಟೆ ಬೆಟ್ಟವೇ ಸಾಕಾಯಿತು. ಬಿಸಿಲು ಏರುವ ಮುಂಚೆ, ಬೆನ್ನಚೀಲಕ್ಕೆ ನೀರಿನ ಬಾಟಲಿ ತುಂಬಿಕೊಂಡು ಹತ್ತುತ್ತಿದ್ದೆವು. ಭಾರವನ್ನು ಮೇಲೆಯೇ ಚೆಲ್ಲಿ ಹಗುರಾಗಿ ಇಳಿಯುವ ರೂಢಿ ಕೆಲವರಿಗಿದೆ. ನಾವು ಹಾಗೆ ಮಾಡಲಿಲ್ಲ, ಪಿನ್ ಭಾಬಾದ ಆಚೆಯ ಇಳಿಜಾರು ತೊಡೆಯ ಸ್ನಾಯುಗಳನ್ನು ಹಿಂಡುತ್ತದೆ ಎಂದು ಮೊದಲೇ ಓದಿಕೊಂಡಿದ್ದೆವು. ಭಾನುವಾರ ಶಹಾಪುರದ ಬೆಟ್ಟಸಾಲು. ದೂರದಿಂದ ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟಗಳಲ್ಲಿ ದಾರಿ ಸರಿಯಿಲ್ಲದ ಕಡೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ನಡೆದು ಬೂಟುಗಳನ್ನು ಪಳಗಿಸಿದೆವು. ಹೊಸ ಬೂಟು ಹಾಕಿಕೊಂಡು ಹಿಮಾಲಯಕ್ಕೆ ಹೋಗಲೇಬಾರದು.

ಇಷ್ಟೆಲ್ಲ ಮಾಡಿದರೂ ದೇಹ ಎತ್ತರಕ್ಕೆ ಹೊಂದಿಕೊಂಡಿರುವುದಿಲ್ಲ. ಗಟ್ಟಿ ಕಾಲು, ಒಳ್ಳೆಯ ದಮ್ಮು ಇದ್ದವರಿಗೂ ಎತ್ತರದ ಕಾಯಿಲೆ (ಆಮ್ಲಜನಕ ಸಾಲದೆ ಬರುವ ತಲೆನೋವು, ವಾಕರಿಕೆ) ಬರುತ್ತದೆ. ದಮ್ಮಿದ್ದವರು ಬೇಗ ಬೇಗ ಏರಿಬಿಡುವುದರಿಂದ ಅವರಿಗೇ ಅಪಾಯ ಹೆಚ್ಚು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅಲ್ಲೇ ನಿಲ್ಲಬೇಕು ಎಂಬುದು ಪರ್ವತ ವೈದ್ಯರು ಹೇಳುವ ಲೆಕ್ಕ. ನಾವು ಗೈಡ್ ಜೊತೆ ಮಾತಾಡುವಾಗಲೇ ಒಂದು ಹೆಚ್ಚುವರಿ ದಿನಕ್ಕೆ ಹಣ ಕೊಟ್ಟು ಕಾದಿರಿಸಿದ್ದೆವು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಊರಲ್ಲೇ ವೈದ್ಯರನ್ನು ಕೇಳಿಕೊಂಡೆವು. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು.

ಇನ್ನು ಊಟ. ನಾನು ವಿಜ್ಞಾನ ಕಲಿಸುವವಳು. ಎತ್ತರ ಹೆಚ್ಚಿದಂತೆ ವಾಯುಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ ಎಂದು ಮಕ್ಕಳಿಗೆ ವರ್ಷವೂ ಹೇಳುತ್ತೇನೆ. ಅದನ್ನು ಪಾತ್ರೆಯಲ್ಲಿ ನೋಡಿದ್ದು ಫುಟ್ಸಿರಂಗ್ ಎಂಬ ತಂಗುದಾಣದಲ್ಲಿ. ಸುಮಾರು 4,100 ಮೀಟರ್‌ನಲ್ಲಿ ನೀರು 86 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಗಂಟೆಗಟ್ಟಲೆ ಕುಣಿಯುತ್ತದೆ, ಬೇಯುವುದಿಲ್ಲ. ಕುಕ್ಕರ್ ಮುಚ್ಚಿದರೆ ಒಳಗಿನ ಒತ್ತಡ ಏರಿ ಅದೇ ನೀರು 113 ಡಿಗ್ರಿಯ ಹತ್ತಿರ ಹೋಗುತ್ತದೆ. ಹಾಗಾಗಿ ಸಣ್ಣ ಅಲ್ಯೂಮಿನಿಯಂ ಕುಕ್ಕರನ್ನು ಊರಿಂದಲೇ ಒಯ್ದಿದ್ದೆವು, ಜೊತೆಗೆ ಕಲಬುರಗಿಯ ತೊಗರಿಬೇಳೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬೇಳೆ ಆ ಚಳಿಯಲ್ಲೂ ನುಣ್ಣಗೆ ಬೆಂದಿತು. ಅಡುಗೆಯವನು ಎರಡನೆಯ ದಿನದಿಂದ ತನ್ನ ಬೇಳೆಯನ್ನು ಹೊರತೆಗೆಯಲೇ ಇಲ್ಲ.

ಎತ್ತರದಲ್ಲಿ ಹಸಿವು ಸಾಯುತ್ತದೆ. ಚಳಿ ಮತ್ತು ನಡಿಗೆಯಿಂದ ದೇಹಕ್ಕೆ ಹೆಚ್ಚು ಅನ್ನ ಬೇಕಾದ ಹೊತ್ತಿಗೇ ತಟ್ಟೆ ನೋಡಿದರೆ ವಾಕರಿಕೆ ಬರುತ್ತದೆ. ತುಪ್ಪ, ಎಣ್ಣೆ ಹೆಚ್ಚಿದ ತಿಂಡಿ ಒಳಗೆ ಇಳಿಯುವುದಿಲ್ಲ. ಪಿಷ್ಟದ ಆಹಾರ ಅರಗಿ ಶಕ್ತಿಯಾಗಲು ಕೊಬ್ಬಿಗಿಂತ ಕಡಿಮೆ ಆಮ್ಲಜನಕ ಸಾಕು. ನಮ್ಮ ಅವ್ವ ಖಡಕ್ ಜೋಳದ ರೊಟ್ಟಿ ಬಡಿದು, ನಡುನಡುವೆ ಬಟ್ಟೆಯಿಟ್ಟು ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ ಕೊಟ್ಟಿದ್ದಳು. ಕೆಡುವ ಚಿಂತೆಯಿಲ್ಲ, ಹೊರಲು ಹಗುರ. ಬಿಸಿ ಬೇಳೆಕಟ್ಟಿನಲ್ಲಿ ಮುರಿದು ಹಾಕಿದರೆ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ. ಶೇಂಗಾ ಹಿಂಡಿಯ ಖಾರ, ಬೆಳ್ಳುಳ್ಳಿಯ ವಾಸನೆ ಬಾಯಿಗೆ ಬಿದ್ದೊಡನೆ ಸತ್ತ ರುಚಿ ಏಳುತ್ತದೆ. ಬೆಳಗಿನ ತಿಂಡಿಗೆ ಗೋಧಿ, ಬೆಲ್ಲದ ಸಿಹಿಪುಡಿ ಮಾದಲಿ, ಅದಕ್ಕೆ ಹಾಲಿನ ಪುಡಿ ಕಲಸಿದ ಬಿಸಿನೀರು. ದಾರಿಗೆ ಹುರಿದ ಶೇಂಗಾ ಮತ್ತು ಬೆಲ್ಲ. ಜೊತೆಯ ಬೇರೆ ತಂಡದವರು ಪೊಟ್ಟಣದ ನೂಡಲ್ಸ್ ಮುಂದೆ ಕುಳಿತು ಕಣ್ಣು ಮುಚ್ಚುತ್ತಿದ್ದಾಗ ನಾವು ತಟ್ಟೆ ಬರಿದು ಮಾಡುತ್ತಿದ್ದೆವು.

ಮೊದಲ ದಿನಗಳ ದಾರಿ ಸುಲಭವೇ. ಕಾಡಿನೊಳಗೆ ಏರಿ ಮುಲಿಂಗ್ ಎಂಬ ಬಯಲು, ಅದರ ಮೇಲೆ ಕಾರಾ. ಕಾರಾದಲ್ಲಿ ನದಿ ಹಲವು ಕವಲಾಗಿ ಹುಲ್ಲುಗಾವಲಿನ ತುಂಬ ಹರಡಿಕೊಳ್ಳುತ್ತದೆ, ಸಾವಿರಾರು ಕುರಿಗಳು ಮೇಯುತ್ತಿರುತ್ತವೆ. ಹಿಮ ಕರಗಿದ ನೀರಿನ ಹೊಳೆಗಳನ್ನು ಬೆಳಗ್ಗೆ ಬೇಗ ದಾಟಬೇಕು. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ, ಮೊಣಕಾಲಿನವರೆಗೆ ಇದ್ದ ನೀರು ತೊಡೆಗೆ ಬರುತ್ತದೆ. ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಂಡು, ಒಬ್ಬರ ತೋಳು ಇನ್ನೊಬ್ಬರು ಹಿಡಿದು, ಪ್ರವಾಹಕ್ಕೆ ಮುಖ ಕೊಟ್ಟು ಪಕ್ಕಕ್ಕೆ ಹೆಜ್ಜೆ ಇಡುತ್ತ ದಾಟಿದೆವು. ಹೇಸರಗತ್ತೆ ಹೊಡೆಯುವ ಹುಡುಗರೊಡನೆ ಮಾತಿಗೆ ನಮ್ಮ ಭಾಗದ ದಖನಿ ಉರ್ದು ಬಹಳ ಒದಗಿಬಂತು.

ಫುಟ್ಸಿರಂಗ್‌ನಲ್ಲಿ ತಮ್ಮನಿಗೆ ತಲೆನೋವು ಶುರುವಾಯಿತು. ರೊಟ್ಟಿ ಮುಟ್ಟಲಿಲ್ಲ. ‘ಅಕ್ಕ, ಮಲಗಿ ಎದ್ದರೆ ಹೋಗುತ್ತದೆ, ನಾಳೆ ಪಾಸ್ ದಾಟಿಬಿಡೋಣ’ ಎಂದ. ನಾನು ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಕಾಲ್ಬೆರಳಿಗೆ ತಾಗುವಂತೆ ಅದರ ಮೇಲೆ ನೇರ ನಡೆಯಲು ಹೇಳಿದೆ. ನಡೆದ. ತೂರಾಡಿದ್ದರೆ, ಮಾತು ತೊದಲಿದ್ದರೆ ಮಿದುಳು ಊದಿಕೊಳ್ಳುತ್ತಿರುವ ಸೂಚನೆ. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಬಂದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ. ಎರಡೂ ಇರಲಿಲ್ಲ. ಆದರೂ ತಲೆನೋವಿದ್ದಾಗ ಇನ್ನೂ ಮೇಲೆ ಹೋಗುವುದಕ್ಕೆ ನಾನು ಒಪ್ಪಲಿಲ್ಲ. ಬೆಳಕಿರುವಾಗಲೇ ಎಲ್ಲರೂ ಕಾರಾಕ್ಕೆ ಇಳಿದೆವು. ಅವನ ಮುಖ ಬಾಡಿತ್ತು, ದಾರಿಯುದ್ದಕ್ಕೂ ಮಾತಾಡಲಿಲ್ಲ. ಕಾರಾದಲ್ಲಿ ರಾತ್ರಿ ತಾನಾಗಿಯೇ ಬೇಳೆಕಟ್ಟು ಕೇಳಿ ಕುಡಿದ. ಮರುದಿನ ನಿಧಾನವಾಗಿ ಮತ್ತೆ ಏರಿದಾಗ ನೋವಿರಲಿಲ್ಲ. ಹಣ ಕೊಟ್ಟು ಕಾದಿರಿಸಿದ ಆ ಒಂದು ದಿನ ಇಲ್ಲದಿದ್ದರೆ ಗೈಡ್ ಜೊತೆ ವಾದ ನಡೆಯುತ್ತಿತ್ತು, ಅಥವಾ ತಮ್ಮ ನೋವು ಮುಚ್ಚಿಟ್ಟು ನಡೆಯುತ್ತಿದ್ದ.

ಡೇರೆಯ ರಾತ್ರಿಗಳ ಬಗ್ಗೆ ಎರಡು ಮಾತು. ಚಳಿ ಎಂದು ಗಾಳಿಕಿಂಡಿ ಪೂರ್ತಿ ಮುಚ್ಚಿದರೆ ನಮ್ಮ ಉಸಿರಿನ ತೇವವೇ ಬಟ್ಟೆಗೆ ಅಂಟಿ ಹೆಪ್ಪುಗಟ್ಟಿ, ಬೆಳಗಿನ ಜಾವ ಮುಖದ ಮೇಲೆ ಉದುರುತ್ತದೆ. ಸ್ವಲ್ಪ ತೆರೆದೇ ಮಲಗಬೇಕು. ಮೊಬೈಲ್, ಟಾರ್ಚ್ ಬ್ಯಾಟರಿ, ಬಿಸಿನೀರಿನ ಬಾಟಲಿ ಎಲ್ಲವೂ ಸ್ಲೀಪಿಂಗ್ ಬ್ಯಾಗಿನ ಒಳಗೆ ಇರಬೇಕು. ನಿದ್ದೆಯಲ್ಲಿ ಉಸಿರು ಕ್ಷಣಕಾಲ ನಿಂತು ಮತ್ತೆ ಜೋರಾಗಿ ಎಳೆದುಕೊಂಡು ಎಚ್ಚರವಾಗುವುದು ಆ ಎತ್ತರದಲ್ಲಿ ಸಾಮಾನ್ಯ. ಗೆಳತಿಗೆ ಅದು ತಿಳಿದಿದ್ದರಿಂದ ಗಾಬರಿಯಾಗಲಿಲ್ಲ.

ಪಾಸ್ ದಾಟುವ ದಿನ ಕತ್ತಲಲ್ಲೇ ಹೊರಟೆವು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಮಾತಾಡಲು ಆಗುವಷ್ಟು ನಿಧಾನವಾಗಿ, ಆದರೆ ನಿಲ್ಲದೆ ನಡೆಯುವುದೇ ಉಪಾಯ. ಕೊನೆಯ ಏರಿನಲ್ಲಿ ಮಾತ್ರ ಮೂವತ್ತು ಹೆಜ್ಜೆಗೊಮ್ಮೆ ನಿಂತೆವು. ಮೇಲೆ ನಿಂತು ಹಿಂದೆ ನೋಡಿದರೆ ಭಾಬಾ ಕಣಿವೆ ಹಸಿರು, ಮುಂದೆ ನೋಡಿದರೆ ಸ್ಪಿತಿಯ ಕಂದು, ನೇರಳೆ ಬಣ್ಣದ ಬೋಳುಗುಡ್ಡಗಳು. ಮುಂಗಾರಿನ ಮೋಡ ಕಿನ್ನೌರ್ ಬದಿಯಲ್ಲೇ ಸುರಿದು ಬರಿದಾಗುತ್ತದೆ, ಆಚೆ ಮಳೆ ನೆರಳು. ಪಶ್ಚಿಮ ಘಟ್ಟ ಮತ್ತು ಯಾದಗಿರಿಯ ನಡುವೆ ನಡೆಯುವುದೂ ಇದೇ. ಮಳೆ ನೆರಳಿನ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಆ ಬೋಳು ನೆಲವನ್ನು ಕಂಡು ಕಣ್ಣು ತುಂಬಿತು.

ಇಳಿಜಾರು ಸಡಿಲ ಜಲ್ಲಿಕಲ್ಲಿನದು. ಎರಡೂ ಕೈಯಲ್ಲಿ ಊರುಗೋಲು ಹಿಡಿದು, ಮೊಣಕಾಲು ಸ್ವಲ್ಪ ಮಡಿಸಿ, ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬರದಂತೆ ಇಳಿಯಬೇಕು. ಅಲ್ಲಿಂದ ಮಂಗ್ರುಂಗ್ಸೆ ಎಂಬ ತಂಗುದಾಣ, ಮರುದಿನ ಪಿನ್ ನದಿಯ ಗುಂಟ ಉದ್ದನೆಯ ನಡಿಗೆ, ಆಮೇಲೆ ಬಟಾಣಿ ಹೊಲಗಳ ನಡುವಿನ ಮೂದ್. ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗುವವರು ವಾಪಸಾತಿಯ ರೈಲು ಟಿಕೆಟನ್ನು ಎರಡು ದಿನ ತಡವಾಗಿಯೇ ಕಾದಿರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಕಿನ್ನೌರ್‌ನ ಹೆದ್ದಾರಿಯ ಮೇಲೆ ಗುಡ್ಡ ಕುಸಿದರೆ ಬಸ್ಸು ಅಲ್ಲೇ ನಿಲ್ಲುತ್ತದೆ, ರಸ್ತೆ ತೆರವಾಗುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ.