ಕೀವು ಕಂಡ ಮೇಲೆ ಬರೆದ ಔಷಧ

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಯಾರ ಗಾಯಕ್ಕೆ ಸೋಂಕು ತಗಲಬಹುದೆಂದು ಮುಂಚಿತವಾಗಿ ಹೇಳುವ ಯಂತ್ರಕಲಿಕೆಯ (ಮಷಿನ್ ಲರ್ನಿಂಗ್) ಮಾದರಿಯೊಂದನ್ನು ನಮ್ಮ ವಿಭಾಗದಲ್ಲಿ ಕಟ್ಟಲು ಹೊರಟಿದ್ದೆವು. ಹಳೆಯ ಕೇಸ್ ಶೀಟುಗಳ ಮಾಹಿತಿ ತುಂಬಿ ಪರೀಕ್ಷಿಸಿದಾಗ ಬಂದ ಫಲಿತಾಂಶ ನೋಡಿ ಹಿಗ್ಗಿದೆ. ಆಗ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಆಂಟಿಬಯಾಟಿಕ್ ಬದಲಿಸಿದ ಕಾಲಂ ಕೂಡ ಇದರಲ್ಲಿದೆಯಲ್ಲ?"

ಇತ್ತು. ಗಾಯ ಕೆಂಪಾಗಿ ಕೀವು ಕಂಡ ಮೇಲೆ ನಾವೇ ಔಷಧ ಬದಲಿಸಿದ್ದೆವು. ಯಂತ್ರ ಅದನ್ನೇ ನೋಡಿ ಸೋಂಕು ಬರುತ್ತದೆ ಎನ್ನುತ್ತಿತ್ತು. ಆ ಕಾಲಂ ತೆಗೆದಾಗ ಉಳಿದದ್ದು ತೀರಾ ಸಾಧಾರಣ ಮಾದರಿ.

ಅಂದಿನಿಂದ ನಾನು ಸಂಶೋಧನಾ ಪ್ರಬಂಧ ಓದುವ ಕ್ರಮ ಬದಲಾಯಿತು. ಸಾರಾಂಶವನ್ನು ಕೊನೆಗಿಟ್ಟು ವಿಧಾನದ ಭಾಗವನ್ನು ಮೊದಲು ತೆರೆಯುತ್ತೇನೆ. ಹಾಳೆಯ ಮೇಲೆ ಅಡ್ಡಗೆರೆ ಎಳೆದು ದಾಖಲಾತಿ, ಅರಿವಳಿಕೆ, ಹೊಲಿಗೆ, ಬಿಡುಗಡೆ ಎಂದು ಗುರುತಿಸಿ, ಯಂತ್ರಕ್ಕೆ ಕೊಟ್ಟ ಒಂದೊಂದು ಮಾಹಿತಿಯೂ ಯಾವ ಹೊತ್ತಿನಲ್ಲಿ ತಿಳಿದದ್ದು ಎಂದು ಅಲ್ಲಿ ಬರೆಯುತ್ತೇನೆ. ಮಾದರಿ ಉತ್ತರ ಹೇಳಬೇಕಾದ ಕ್ಷಣಕ್ಕೆ ಕೆಂಪು ಗುರುತು. ಅದರ ಬಲಕ್ಕೆ ಒಂದೇ ಒಂದು ಮಾಹಿತಿ ಬಿದ್ದಿದ್ದರೂ ಮುಂದಿನ ಅಂಕಿಗಳನ್ನು ನಂಬುವುದಿಲ್ಲ. ರೋಗಿಯ ಒಪ್ಪಿಗೆ ಪಡೆಯುವಾಗ ನೆರವಾಗಬೇಕಾದ ಮಾದರಿಗೆ ಆಪರೇಷನ್‌ನಲ್ಲಿ ಎಷ್ಟು ರಕ್ತ ಹೋಯಿತೆಂಬುದನ್ನು ಉಣಿಸಿದರೆ ಏನು ಪ್ರಯೋಜನ?

ಎಕ್ಸ್-ರೇ, ಫೋಟೊಗಳಲ್ಲಿ ಈ ಗೆರೆ ಎಳೆಯುವುದು ಕಷ್ಟ. ಅಲ್ಲಿ ವೈದ್ಯರ ಕೈ ಚಿತ್ರದೊಳಗೇ ಅಡಗಿರುತ್ತದೆ. ಆಸ್ಟ್ರೇಲಿಯಾದ ರೇಡಿಯಾಲಜಿಸ್ಟ್ ಲಾರೆನ್ ಓಕ್ಡೆನ್-ರೇನರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇದನ್ನು ಮನವರಿಕೆ ಮಾಡಿಸಿತು. ನ್ಯೂಮೋಥೊರಾಕ್ಸ್, ಅಂದರೆ ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದನ್ನು ಎಕ್ಸ್-ರೇಯಲ್ಲಿ ಪತ್ತೆಹಚ್ಚುವ ಮಾದರಿ ರೋಗ ಇರುವವರನ್ನೂ ಇಲ್ಲದವರನ್ನೂ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂದು ಅಳೆಯುವ ಎಯುಸಿ ಅಂಕದಲ್ಲಿ ಒಟ್ಟಾರೆ 0.87 ಪಡೆದಿತ್ತು. ನಾಣ್ಯ ಚಿಮ್ಮಿ ಹೇಳಿದರೆ 0.5, ತಪ್ಪೇ ಇಲ್ಲದಿದ್ದರೆ 1. ಆ ಗಾಳಿ ಹೊರತೆಗೆಯಲು ಎದೆಗೆ ಆಗಲೇ ಕೊಳವೆ ಹಾಕಿದ್ದ ರೋಗಿಗಳಲ್ಲಿ ಅದು 0.94, ಕೊಳವೆ ಇಲ್ಲದವರಲ್ಲಿ 0.77. ಕೊಳವೆ ಹಾಕುವವರೇ ನಾವು. ಚಿಕಿತ್ಸೆ ಸಿಕ್ಕವರಲ್ಲಿ ಯಂತ್ರ ಜಾಣ, ಇನ್ನೂ ಸಿಗದವರಲ್ಲಿ ಮಂಕು. ತುರ್ತು ವಿಭಾಗದಲ್ಲಿ ಉಸಿರು ಕಟ್ಟಿ ಬರುವವನ ಎದೆಯಲ್ಲಿ ಕೊಳವೆ ಇರುವುದಿಲ್ಲ!

ಜರ್ಮನಿಯ ಹೈಡಲ್‌ಬರ್ಗ್‌ನ ತಂಡ 2019ರಲ್ಲಿ ಚರ್ಮದ ಮಚ್ಚೆಗಳಲ್ಲಿ ಕ್ಯಾನ್ಸರ್ ಗುರುತಿಸುವ ಯಂತ್ರದ ವಿಷಯದಲ್ಲೂ ಇಂಥದ್ದನ್ನೇ ಕಂಡಿತು. ಕೊಯ್ಯುವ ಮುನ್ನ ನಾವು ಹಾಕುವ ನೇರಳೆ ಶಾಯಿಯ ಗುರುತು ಪಕ್ಕದಲ್ಲಿದ್ದರೆ ಸಾಕು, ನಿರುಪದ್ರವಿ ಮಚ್ಚೆಗಳನ್ನು ಯಂತ್ರ ಸರಿಯಾಗಿ ಗುರುತಿಸುವ ಪ್ರಮಾಣ ಶೇ. 84ರಿಂದ ಶೇ. 46ಕ್ಕೆ ಕುಸಿಯಿತು. ಹಾಗಾಗಿ ಚಿತ್ರಗಳ ಪ್ರಬಂಧವಾದರೆ, ವೈದ್ಯರು ಇನ್ನೂ ಕೈಹಾಕದ ರೋಗಿಗಳ ಫಲಿತಾಂಶವನ್ನು ಪ್ರತ್ಯೇಕವಾಗಿ ಕೊಟ್ಟಿದ್ದಾರೆಯೇ ಎಂದು ಹುಡುಕುತ್ತೇನೆ.

"ಶೇ. 95 ನಿಖರತೆ" ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ನೂರರಲ್ಲಿ ಐವರಿಗೆ ಸೋಂಕಾಗುವ ಕಡೆ ಯಾರಿಗೂ ಆಗದು ಎಂದರೂ ಅಷ್ಟೇ ನಿಖರತೆ ಬರುತ್ತದೆ. ಬೇರೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದ್ದಾರೆಯೇ, ಲಾಜಿಸ್ಟಿಕ್ ರಿಗ್ರೆಶನ್ ಎಂಬ ಸಾಮಾನ್ಯ ಸಂಖ್ಯಾಶಾಸ್ತ್ರದ ವಿಧಾನದ ಜೊತೆ ಹೋಲಿಸಿದ್ದಾರೆಯೇ ಎಂದೂ ನೋಡುತ್ತೇನೆ.

ನಮ್ಮ ಮಾದರಿಯನ್ನು ಕೈಬಿಟ್ಟು ಮಾಹಿತಿಯನ್ನು ಮೊದಲಿನಿಂದ ಸಂಗ್ರಹಿಸುತ್ತಿದ್ದೇವೆ. ಈ ಬಾರಿ ಪ್ರತಿಯೊಂದರ ಪಕ್ಕದಲ್ಲೂ ಅದು ದಾಖಲಾದ ಗಂಟೆ ಇದೆ. ಔಷಧ ಬದಲಿಸಿದ ಹೊತ್ತನ್ನು ತಿಳಿಯಲು ನರ್ಸ್‌ಗಳ ಔಷಧ ಪಟ್ಟಿಯೇ ನಮಗೆ ಆಧಾರ. ವೈದ್ಯರ ಟಿಪ್ಪಣಿಗಳಲ್ಲಿ ದಿನಾಂಕವಿರುತ್ತದೆ, ಗಂಟೆ ಇರುವುದು ಅಪರೂಪ.