ಬ್ಯಾಕನ್ ಪದರದೊಳಗೆ ಆಮ್ಲ ತೋರಿಸಿದ ದಾರಿ

ಉತ್ತರ ಡಕೋಟದ ಮೌಂಟ್ರೇಲ್ ಕೌಂಟಿಯಲ್ಲಿ ಬ್ಯಾಕನ್ ಎಂಬ ಎಣ್ಣೆಯ ಕಲ್ಲುಪದರದಲ್ಲಿ ಬಾವಿಗಳನ್ನು ಅಡ್ಡಲಾಗಿ ಕೊರೆಯುವಾಗ, ಬಿಟ್ (ಕೊರೆಯುವ ಮೊನೆ) ಮೇಲಕ್ಕೆ ಸರಿಯಿತೋ ಕೆಳಕ್ಕೆ ಇಳಿಯಿತೋ ಎಂಬುದನ್ನು ಆಮ್ಲದ ಬಾಟಲಿಯಿಂದ ಹೇಳುತ್ತೇನೆ ಎಂದಾಗ ರಿಗ್ಗಿನವರು ನಕ್ಕಿದ್ದರು. ಸುಮಾರು 36 ಕೋಟಿ ವರ್ಷಗಳ ಹಿಂದಿನ ಸಮುದ್ರದ ಜೇಡಿಕಲ್ಲಾದ ಎರಡು ಕಪ್ಪು ಶೇಲ್‌ಗಳಲ್ಲಿ ಎಣ್ಣೆ ಹುಟ್ಟಿದ್ದರೂ, ನಾವು ಬಿಡದೆ ಹಿಡಿದು ಸಾಗಬೇಕಾದುದು ಅವುಗಳ ನಡುವಿನ ಸಿಲ್ಟ್‌ಸ್ಟೋನಿನ ಹತ್ತಡಿಯನ್ನು. ಎರಡೂ ಶೇಲ್‌ಗಳಲ್ಲಿ ಗಾಮಾ, ಅಂದರೆ ಕಲ್ಲಿನ ಸಹಜ ವಿಕಿರಣದ ಅಳತೆ, 200 ಎಪಿಐ ಏಕಮಾನ ದಾಟುತ್ತದೆ. ತಾಗಿದ್ದು ಯಾವುದು ಎಂಬುದನ್ನು ಅದು ಹೇಳುವುದಿಲ್ಲ.

ಮೂರನೆಯ ಬಾವಿಯಲ್ಲಿ ಗಾಮಾ ಏರಿದಾಗ ಮೇಲಿನ ಶೇಲ್ ಬಂತೆಂದು ಬಿಟ್ಟನ್ನು ಕೆಳಕ್ಕೆ ತಿರುಗಿಸಿದೆವು. ನಾವಿದ್ದದ್ದು ಕೆಳಗಿನ ಶೇಲ್‌ನ ಅಂಚಿನಲ್ಲಿ. ಅದು ಕುಸಿದು ಪೈಪ್ ಸಿಕ್ಕಿಕೊಂಡಿತು. ಪಕ್ಕದಿಂದ ಹೊಸ ದಾರಿ ಕೊರೆಯುವ ಸೈಡ್‌ಟ್ರ್ಯಾಕ್ ಮುಗಿಯುವಷ್ಟರಲ್ಲಿ ಮೂರೂವರೆ ದಿನವೂ, ನೆನಪಿರುವಂತೆ 2 ಲಕ್ಷ ಡಾಲರಿಗೂ ಮಿಕ್ಕಿದ ಹಣವೂ ಹೋಗಿದ್ದವು. ನನ್ನ ಮುಚ್ಚಿದ ಬಾಟಲಿ, ಒತ್ತಡದ ಮಾಪಕ, ಆಮ್ಲ ಎಲ್ಲ ಸೇರಿದರೂ 400 ಡಾಲರ್ ಆಗಿರಲಿಲ್ಲ.

ಗ್ರ್ಯಾಂಡ್ ಫೋರ್ಕ್ಸ್‌ನ ಕೋರ್ (ಬಾವಿಗಳಿಂದ ತೆಗೆದ ಕಲ್ಲಿನ ಕಂಬ) ಸಂಗ್ರಹಾಲಯದಲ್ಲಿ ಎರಡು ದಿನ ಕುಳಿತು ನೋಡಿದಾಗ, ನಮ್ಮ ಭಾಗದ ನಡುಪದರದ ಮೇಲ್ಭಾಗದಲ್ಲಿ ಡೋಲೊಮೈಟ್ ಹೆಚ್ಚೆಂದೂ ಕೆಳಭಾಗದಲ್ಲಿ ಕ್ಯಾಲ್ಸೈಟ್ ಹೆಚ್ಚೆಂದೂ ಕಂಡಿತ್ತು. ಎರಡೂ ಆಮ್ಲದಲ್ಲಿ ಕರಗಿ ಅನಿಲ ಬಿಡುವ ಖನಿಜಗಳು; ಬಾಟಲಿಯೊಳಗಿನ ಒತ್ತಡ ಏರುವುದು ಆ ಅನಿಲದಿಂದ. ಕ್ಯಾಲ್ಸೈಟ್ ಮೊದಲ ನಿಮಿಷದಲ್ಲೇ ಕರಗಿ ಮುಗಿಯುತ್ತದೆ, ಡೋಲೊಮೈಟ್ ನಿಧಾನ. ಆದರೂ ಮೊದಲ ಇಪ್ಪತ್ತು ಮಾದರಿಗಳು ನನ್ನನ್ನು ಮೂರ್ಖನನ್ನಾಗಿಸಿದವು: ಬಿಟ್ ಕಲ್ಲನ್ನು ಹಿಟ್ಟು ಮಾಡಿದ್ದರಿಂದ ಡೋಲೊಮೈಟೂ ಬೇಗನೆ ಕರಗಿ ಕ್ಯಾಲ್ಸೈಟಿನಂತೆ ನಟಿಸುತ್ತಿತ್ತು. ಪುಡಿಯನ್ನು ಜರಡಿಯಾಡಿ ಒಂದೇ ಗಾತ್ರದ್ದನ್ನು ತೆಗೆದುಕೊಂಡ ಮೇಲೆ ಅಂಕಿಗಳು ಸಾಲಿಗೆ ಬಂದವು. ಆ ಗಾತ್ರವನ್ನೂ ಪುಡಿ ಒಣಗಿಸುವ ಕ್ರಮವನ್ನೂ ಇಲ್ಲಿ ಬರೆಯುವುದಿಲ್ಲ. ಕಟಿಂಗ್ಸ್ (ಕೊರೆದ ಕಲ್ಲಿನ ಪುಡಿ) ಮೇಲೆ ಬರುವ ಸಮಯವನ್ನು ಮಾತ್ರ ಲೆಕ್ಕದ ಮೇಲೆ ನಂಬದೆ ಪೈಪಿನೊಳಗೆ ಕಾರ್ಬೈಡ್ ಹಾಕಿ, ಅದರ ಅನಿಲ ಮೇಲೆ ಬರುವ ಹೊತ್ತನ್ನು ನೋಡಿ ಪರೀಕ್ಷಿಸಿಕೊಳ್ಳಿ; ನನ್ನ ಲೆಕ್ಕ ಒಮ್ಮೆ ಹದಿನೈದು ನಿಮಿಷ ತಪ್ಪಿತ್ತು.

ನಡುವೆ ಅಲ್ಟ್ರಾವಯೊಲೆಟ್ ದೀಪದ ಹೊಳಪಿನಿಂದಲೂ ಪ್ರಯತ್ನಿಸಿದೆ. ಬಾವಿಯ ಮೇಲಿನ ಹಂತದ ಡೀಸೆಲ್ ಮಡ್ಡಿನ (ಕೊರೆಯುವಾಗ ಬಳಸುವ ದ್ರವದ) ಜಿಡ್ಡು ಉಳಿದಿದ್ದರಿಂದ ಎಲ್ಲವೂ ಹೊಳೆಯಿತು, ಪ್ರಯೋಜನವಾಗಲಿಲ್ಲ.

ಮುಂದಿನ ಬಾವಿಯಲ್ಲಿ ಗಾಮಾ ಮತ್ತೆ ಏರಿತು. ಕಚೇರಿಯವರು ಕೆಳಕ್ಕೆ ಇಳಿಸಿ ಎಂದರು. ಮೊದಲ ನಿಮಿಷದ ಅಂಕಿ ಎರಡು ಮಾದರಿಗಳಲ್ಲಿ ಏರಿದ್ದರಿಂದ, ಹತ್ತಿರವಿರುವುದು ಕೆಳಗಿನ ಶೇಲ್ ಎಂದು ನಾನು ಮೇಲಕ್ಕೆ ಒಯ್ಯಿಸಿದೆ. ಸುಮಾರು 150 ಅಡಿಯೊಳಗೆ ಗಾಮಾ ಇಳಿಯಿತು, ಮತ್ತು 9,000 ಚಿಲ್ಲರೆ ಅಡಿಗಳ ಅಡ್ಡಗೊರೆತದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗುರಿಯೊಳಗೇ ಉಳಿಯಿತು. ಮೊಂಟಾನದ ಎಲ್ಮ್ ಕೂಲಿ ತೈಲಕ್ಷೇತ್ರದಲ್ಲಿ ಮಾತ್ರ ಈ ಉಪಾಯ ನಡೆಯಲಿಲ್ಲ. ಅಲ್ಲಿ ನಡುಪದರವೇ ಬಹುಪಾಲು ಡೋಲೊಮೈಟ್ ಆದ್ದರಿಂದ ಮಾಪಕದ ಮುಳ್ಳು ಮೊದಲ ನಿಮಿಷದಲ್ಲಿ ಕದಲಲೇ ಇಲ್ಲ.